ತುಪ್ಪ ಬೇಡ ಅಂದವರ ಜೊತೆ ಊರು ಸುತ್ತೋದು

ಶಿವಮೊಗ್ಗದಲ್ಲೊಂದು ಹೊಸಮನೆ ಇದೆ, ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ನಮಗೆ ಎರಡೂ ಕಡೆ ನೆಂಟರು. ಹಾಗಾಗಿ ಬೆಂಗಳೂರಿಂದ ಊರಿಗೆ ಹೊರಟರೆ ಎರಡು ಮನೆ ಊಟ ಗ್ಯಾರಂಟಿ. ಅದರ ಜೊತೆ ಜೋಗ, ಆಗುಂಬೆ ಅಂತ ಒಂದು ಸುತ್ತು, ಒಂದೋ ಎರಡೋ ರಾತ್ರಿ ಲಾಡ್ಜು ಅಥವಾ ಹೋಂಸ್ಟೇ. ಮೊದಲೆಲ್ಲ ಊಟದ ಬಗ್ಗೆ ಯೋಚನೆಯೇ ಇರಲಿಲ್ಲ. ಎರಡು ವರ್ಷದಿಂದ ನನ್ನ ಹೆಂಡತಿ ವೀಗನ್ ಆಗಿದ್ದಾಳೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದೂ ಇಲ್ಲ. ನಮ್ಮ ಕಡೆ ಸಸ್ಯಾಹಾರ ಸಿಗೋದು ಸುಲಭ, ಹಾಲಿಲ್ಲದ ಸಸ್ಯಾಹಾರ ಸಿಗೋದು ಕಷ್ಟ ಅಂತ ಗೊತ್ತಾಗಿದ್ದು ಆಮೇಲೆ.

ಕೇಸರಿಬಾತಿಗೆ ತುಪ್ಪ, ಪೊಂಗಲ್‌ಗೆ ತುಪ್ಪ, ದೋಸೆ ಮೇಲೆ ಬೆಣ್ಣೆ, ಊಟದ ಕೊನೆಗೆ ಮಜ್ಜಿಗೆ. ಹೋಟೆಲಲ್ಲಿ "ಇದಕ್ಕೆ ತುಪ್ಪ ಹಾಕ್ತೀರಾ?" ಅಂತ ಕೇಳಿದರೆ "ಒಳ್ಳೆ ತುಪ್ಪಾನೇ ಹಾಕ್ತೀವಿ ಮೇಡಂ, ಡೌಟೇ ಬೇಡ" ಅಂತಾರೆ. ಇಡ್ಲಿ ಇದೆ, ಚಿತ್ರಾನ್ನ ಇದೆ, ಒಪ್ಪೋಣ. ಆದರೆ ಮೂರು ದಿನ ಮೂರು ಹೊತ್ತೂ ಇಡ್ಲಿ ತಿನ್ನೋಕಾಗಲ್ಲ. ಅದಕ್ಕೇ ನಮ್ಮ ಬ್ಯಾಗಿಗೆ ಪಾಸ್ತಾ ಬಂತು. ಹಗುರ, ಕೆಡಲ್ಲ, ಒಂದೇ ಪಾತ್ರೆ ಸಾಕು. ಉಳಿದಿದ್ದೆಲ್ಲ ಯಾವ ಊರಿನ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತೆ.

ಶಾವಿಗೆಯ ದೂರದ ನೆಂಟ

ಪಾಸ್ತಾ ಅಂದರೆ ಚೀಸ್, ಕ್ರೀಮ್ ಅಂತ ನಮ್ಮ ತಲೆಯಲ್ಲಿ ಕೂತಿದೆ. ಅದು ಕೆಫೆಗಳು ಕಲಿಸಿದ್ದು. ಒಣ ಪಾಸ್ತಾ ಅಂದರೆ ಡ್ಯೂರಮ್ ಅನ್ನೋ ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕು ಅಂತ 1967ರಲ್ಲೇ ಕಾನೂನು ಬಂದಿದೆ. ನಮ್ಮ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದ್ದು. ಉತ್ತರ ಕರ್ನಾಟಕದಲ್ಲಿ ಜವೆ ಗೋಧಿಯಿಂದ ಶಾವಿಗೆ ಹೊಸೆಯೋದೂ ಹೆಚ್ಚುಕಡಿಮೆ ಇದೇ ಕೆಲಸ.

ದಕ್ಷಿಣ ಇಟಲಿಯ ಬಡವರ ಮನೆಗಳಲ್ಲಿ ಚೀಸ್ ದುಬಾರಿ ಅಂತ ಒಣಗಿದ ಬ್ರೆಡ್ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಉದುರಿಸುತ್ತಿದ್ದರು. ನಾವು ಆ ಜಾಗಕ್ಕೆ ಹುರಿದ ಶೇಂಗಾ ಪುಡಿ ಹಾಕ್ತೀವಿ. ಚೀಸ್ ಕೊಡೋದು ಜಿಡ್ಡು ಮತ್ತು ಉಪ್ಪು. ಶೇಂಗಾ, ಉಪ್ಪು ಸೇರಿದರೆ ಆ ಕೆಲಸ ಆಯ್ತು.

ಹಸಿರು ಚುಕ್ಕಿ ಸಾಲದು

ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ಹೇಳೋದು ಸಸ್ಯಾಹಾರ ಅಂತ ಮಾತ್ರ. ಹಾಲು, ಜೇನು ಇದ್ದರೂ ಹಸಿರು ಚುಕ್ಕಿಯೇ. ವೀಗನ್‌ಗೆ ಬೇರೆ ಗುರುತಿದೆ: ಹಸಿರು ಬಣ್ಣದ ಇಂಗ್ಲಿಷ್ 'ವಿ' ಅಕ್ಷರ, ಜೊತೆಗೊಂದು ಎಲೆ. ಇದರ ನಿಯಮ ಬಂದಿದ್ದು 2022ರಲ್ಲಿ. ಸಣ್ಣ ಊರಿನ ಅಂಗಡಿಗಳಲ್ಲಿ ಈ ಗುರುತು ಅಷ್ಟಾಗಿ ಕಾಣಲ್ಲ, ಹಾಗಾಗಿ ಪ್ಯಾಕೆಟ್ ತಿರುಗಿಸಿ ಪದಾರ್ಥಗಳ ಪಟ್ಟಿ ಓದೋದೇ ದಾರಿ.

ಬರೀ ಪಾಸ್ತಾ ಇರೋ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ಮಸಾಲೆ ಜೊತೆ ಬರುವ ಇನ್‌ಸ್ಟೆಂಟ್ ಪಾಸ್ತಾದಲ್ಲಿ ಹಾಲಿನ ಪುಡಿ, ಚೀಸ್ ಪುಡಿ ಇರೋದು ಜಾಸ್ತಿ. ಇನ್ನೊಂದು ಜಾಗ ತೆಂಗಿನಹಾಲಿನ ಪುಡಿ. ಹೆಸರು ತೆಂಗಿನದ್ದೇ, ಆದರೆ ಹಲವದರಲ್ಲಿ ಸೋಡಿಯಂ ಕೇಸಿನೇಟ್ ಇರುತ್ತೆ. ಅದು ಹಸುವಿನ ಹಾಲಿನ ಪ್ರೋಟೀನ್. ಹಾಲಿನ ಅಲರ್ಜಿ ಇರುವವರಂತೂ ಪಟ್ಟಿಯ ಕೊನೆಯ ಅಲರ್ಜಿ ಸಾಲನ್ನು ಬಿಡದೆ ಓದಬೇಕು.

ಮೊದಲು ನೆನೆಸಿ

ಪಾಸ್ತಾ ಬೇಯೋದರಲ್ಲಿ ಎರಡು ಕೆಲಸ ಇದೆ. ಒಂದು, ಒಳಗೆ ನೀರು ಹೀರೋದು. ಎರಡು, ಬಿಸಿಗೆ ಪಿಷ್ಟ ಬೇಯೋದು. ಮೊದಲನೆಯದಕ್ಕೆ ಗ್ಯಾಸ್ ಬೇಕಿಲ್ಲ. ಅಕ್ಕಿ ನೆನೆಸಿದ ಹಾಗೆ ಪಾಸ್ತಾವನ್ನೂ ತಣ್ಣೀರಲ್ಲಿ ಒಂದರಿಂದ ಒಂದೂವರೆ ಗಂಟೆ ನೆನೆಸಿಟ್ಟರೆ ಆಮೇಲೆ ಎರಡು ಮೂರು ನಿಮಿಷ ಕುದಿಸಿದರೆ ಸಾಕು. ಜೋಗದಿಂದ ವಾಪಸ್ ಹೊರಡುವಾಗ ಸಾಗರದ ಹತ್ತಿರ ಸ್ಟೀಲ್ ಡಬ್ಬಿಗೆ ಪಾಸ್ತಾ, ನೀರು ಹಾಕಿ ಮುಚ್ಚಳ ಬಿಗಿ ಮಾಡಿದರೆ ಶಿವಮೊಗ್ಗ ಮುಟ್ಟೋ ಹೊತ್ತಿಗೆ ರೆಡಿ. ಪೆನ್ನೆ, ಮ್ಯಾಕರೋನಿ ತರದ ಗಿಡ್ಡ ಪಾಸ್ತಾ ಇದಕ್ಕೆ ಒಳ್ಳೆಯದು.

ದೊಡ್ಡ ಪಾತ್ರೆ ತುಂಬ ನೀರೂ ಬೇಕಿಲ್ಲ. ಆಹಾರ ವಿಜ್ಞಾನದ ಬಗ್ಗೆ ಬರೆಯುವ ಹೆರಾಲ್ಡ್ ಮೆಕ್‌ಗೀ 2009ರಲ್ಲೇ ಕಡಿಮೆ ನೀರಲ್ಲಿ ಪಾಸ್ತಾ ಬೇಯಿಸಿ ತೋರಿಸಿದ್ದಾರೆ. ನೀರು ಕಡಿಮೆ ಆದಷ್ಟೂ ಪಿಷ್ಟ ಅದರಲ್ಲೇ ಉಳಿದು ಗೊಜ್ಜು ಮಂದ ಆಗುತ್ತೆ. ಆ ನೀರನ್ನು ಚೆಲ್ಲಬೇಡಿ, ಕ್ರೀಮಿನ ಕೆಲಸ ಮಾಡೋದು ಅದೇ.

ಎತ್ತರದ ಜಾಗದಲ್ಲಿ ಸ್ವಲ್ಪ ತಾಳ್ಮೆ ಬೇಕು. ಪ್ರತಿ 300 ಮೀಟರ್ ಮೇಲೇರಿದರೆ ನೀರು ಸುಮಾರು 1 ಡಿಗ್ರಿ ಕಡಿಮೆಗೇ ಕುದಿಯುತ್ತೆ. ಚಿಕ್ಕಮಗಳೂರಿನ ಬೆಟ್ಟದ ಹೋಂಸ್ಟೇಗಳಲ್ಲಿ ಒಂದೆರಡು ನಿಮಿಷ ಜಾಸ್ತಿ ಇಡಿ.

ಮೂರು ಅಡುಗೆ, ಇಬ್ಬರಿಗೆ

ಮೂರಕ್ಕೂ 200 ಗ್ರಾಂ ಪಾಸ್ತಾ, ನೆನೆಸಿದ್ದು.

ಮೆಣಸು ಬೆಳ್ಳುಳ್ಳಿ ಪಾಸ್ತಾ: 3 ಚಮಚ ಎಣ್ಣೆಯಲ್ಲಿ 10 ಎಸಳು ಬೆಳ್ಳುಳ್ಳಿ ಹೊಂಬಣ್ಣ ಬರೋವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪಾದರೆ ಕಹಿ. ಪಾಸ್ತಾ, ನೆನೆಸಿದ ನೀರು ಅರ್ಧ ಲೋಟ, ಉಪ್ಪು ಹಾಕಿ ಮೂರು ನಿಮಿಷ ಕುದಿಸಿ. ಕುಟ್ಟಿದ ಕಾಳುಮೆಣಸು 1 ಚಮಚ, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು. ಮಲೆನಾಡಿನ ಮೆಣಸು ಆದರೆ ಬೇರೇನೂ ಬೇಡ.

ಟೊಮೇಟೊ ಶೇಂಗಾ ಪಾಸ್ತಾ: 1 ಈರುಳ್ಳಿ, 3 ಹಣ್ಣಾದ ಟೊಮೇಟೊ ಎಣ್ಣೆಯಲ್ಲಿ ಬಾಡಿಸಿ, ಉಪ್ಪು, ಅರ್ಧ ಚಮಚ ಖಾರದಪುಡಿ ಹಾಕಿ. ಟೊಮೇಟೊ ಕರಗಿದ ಮೇಲೆ 3 ಚಮಚ ಶೇಂಗಾ ಪುಡಿ, ಮುಕ್ಕಾಲು ಲೋಟ ನೀರು, ಪಾಸ್ತಾ. ಶೇಂಗಾ ತಳ ಹಿಡಿಯುತ್ತೆ, ಕೈಯಾಡಿಸ್ತಾ ಇರಿ.

ಕಾಯಿಹಾಲು ಪಾಸ್ತಾ: ಹಸಿಮೆಣಸು, ಬೀನ್ಸ್, ಕ್ಯಾರೆಟ್ ಬಾಡಿಸಿ ಸ್ವಲ್ಪ ನೀರಲ್ಲಿ ಬೇಯಿಸಿ, ಪಾಸ್ತಾ ಹಾಕಿ ಕುದಿಸಿ. ಕೊನೆಗೆ ಒಂದು ಲೋಟ ಗಟ್ಟಿ ಕಾಯಿಹಾಲು ಹಾಕಿ ಉರಿ ಸಣ್ಣ ಮಾಡಿ. ಜೋರಾಗಿ ಕುದಿಸಿದರೆ ಹಾಲು ಒಡೆಯುತ್ತೆ.

ನಮ್ಮ ಲೆಕ್ಕದಲ್ಲಿ ಟೊಮೇಟೊ ಪಾಸ್ತಾಕ್ಕೆ ಒಬ್ಬರಿಗೆ 45 ರೂಪಾಯಿ ಆಸುಪಾಸು ಬೀಳುತ್ತೆ. ಟೊಮೇಟೊ ರೇಟು ಏರಿದ ವಾರ ಮೆಣಸು ಬೆಳ್ಳುಳ್ಳಿಗೆ ಬನ್ನಿ.

ಬರೀ ಕೆಟಲ್ ಇದ್ದರೆ?

ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಗೋಧಿ ಪಾಸ್ತಾ ಸರಿಯಾಗಿ ಬೇಯಲ್ಲ. ನೀರು ಕುದಿದು ಆವಿ ತಾಗಿದ ತಕ್ಷಣ ಒಳಗಿನ ಸ್ವಿಚ್ ಆಫ್ ಆಗುತ್ತೆ, ಅದರ ವಿನ್ಯಾಸವೇ ಹಾಗೆ. ಗೊಜ್ಜು ಹಾಕಿದರೆ ತಳ ಸೀದು ಕೆಟಲ್ಲೇ ಹಾಳು. ಅಂಥ ಕಡೆ ಅಕ್ಕಿ ಶಾವಿಗೆ ಒಯ್ಯಿರಿ. ಡಬ್ಬಿಗೆ ಹಾಕಿ, ಕುದಿಯುವ ನೀರು ಸುರಿದು, ಐದು ನಿಮಿಷ ಮುಚ್ಚಿ, ನೀರು ಬಸಿದು ಶೇಂಗಾ ಚಟ್ನಿಪುಡಿ, ಒಂದು ಚಮಚ ಕೊಬ್ಬರಿ ಎಣ್ಣೆ, ನಿಂಬೆ ಕಲಸಿದರೆ ಊಟ ಆಯ್ತು.

ರೂಮಲ್ಲಿ ಏನಾದರೂ ಪ್ಲಗ್‌ಗೆ ಹಾಕೋ ಮೊದಲು ರಿಸೆಪ್ಷನ್‌ನಲ್ಲಿ ಕೇಳಿ. ರೈಲಿನ ಚಾರ್ಜಿಂಗ್ ಪಾಯಿಂಟ್‌ಗೆ ಕೆಟಲ್ ಹಾಕುವಂತಿಲ್ಲ, ಅದು ಮೊಬೈಲಿಗಷ್ಟೇ. ಗ್ಯಾಸ್ ಸ್ಟೌವನ್ನೂ ರೈಲಲ್ಲಿ ಒಯ್ಯುವಂತಿಲ್ಲ. ಕೊಡಚಾದ್ರಿ ಇರೋದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿ, ಅಲ್ಲಿ ಬೆಂಕಿ ಹಚ್ಚೋ ಮಾತೇ ಇಲ್ಲ. ಚಾರಣಕ್ಕೆ ಬೆಳಗ್ಗೆಯೇ ಮೆಣಸು ಬೆಳ್ಳುಳ್ಳಿ ಪಾಸ್ತಾ ಮಾಡಿ ಡಬ್ಬಿಗೆ ಹಾಕಿಕೊಳ್ಳಿ, ತಣ್ಣಗಾದರೂ ರುಚಿ. ಕಾಯಿಹಾಲಿನದ್ದು ಮಾತ್ರ ಬೇಡ, ಬೇಗ ಹಳಸುತ್ತೆ.

ದೊಡ್ಡಮ್ಮನ ಅಡುಗೆಮನೆ

ಲಾಡ್ಜಿನ ಸಮಸ್ಯೆ ಇಷ್ಟಕ್ಕೆ ಮುಗಿಯುತ್ತೆ. ನೆಂಟರ ಮನೆಯದ್ದು ಬೇರೆ. ಭದ್ರಾವತಿ ಹೊಸಮನೆಯ ದೊಡ್ಡಮ್ಮ ನಾವು ಬರ್ತೀವಿ ಅಂದರೆ ವಾರದಿಂದ ಕೆನೆ ಕೂಡಿಟ್ಟು ತುಪ್ಪ ಕಾಯಿಸಿರುತ್ತಾರೆ. ವೀಗನ್ ಆದ ಮೇಲಿನ ಮೊದಲ ಭೇಟಿಯಲ್ಲಿ ಇವಳು ಅನ್ನ, ಉಪ್ಪಿನಕಾಯಿ, ಪಲ್ಯ ತಿಂದು ಎದ್ದಳು. ದೊಡ್ಡಮ್ಮ ಏನೂ ಅನ್ನಲಿಲ್ಲ. ಸಂಜೆ ಅಮ್ಮನಿಗೆ ಫೋನ್ ಮಾಡಿ, "ನಮ್ಮನೆ ಊಟ ಅವಳಿಗೆ ಸೇರಲ್ಲ ಕಾಣುತ್ತೆ" ಅಂದರಂತೆ. ಹಸುವಿನ ಬಗ್ಗೆ, ಡೈರಿ ಬಗ್ಗೆ ಎಷ್ಟು ವಿವರಿಸಿದರೂ ಆ ಮಾತಿಗೆ ಉತ್ತರ ಆಗಲ್ಲ. ಬೇಡ ಅಂದಿದ್ದು ತುಪ್ಪ, ಆದರೆ ಅವರಿಗೆ ಕೇಳಿಸಿದ್ದು ತಮ್ಮನ್ನೇ ಬೇಡ ಅಂದ ಹಾಗೆ.

ಮುಂದಿನ ಸಲ ಇವಳು ಹೋದವಳೇ, "ದೊಡ್ಡಮ್ಮ, ಇವತ್ತು ರಾತ್ರಿ ನಾನು ಮಾಡ್ಲಾ? ನೀವು ಕಾಯಿ ತುರಿದು ಕೊಡಿ" ಅಂದಳು. ಇಬ್ಬರೂ ಒಳಗೆ ಸೇರಿಕೊಂಡರು. ಕಾಯಿಹಾಲು ಹಾಕೋ ಹೊತ್ತಿಗೆ ದೊಡ್ಡಮ್ಮನ ದನಿ ಹೊರಗೆ ಬಂತು: "ಇದು ನಮ್ಮ ಶಾವಿಗೆ ಕಾಯಿಹಾಲೇ ಅಲ್ವೇನೇ ಮಾರಾಯ್ತಿ! ಬೆಲ್ಲ ಒಂದಿಲ್ಲ ಅಷ್ಟೇ."

ನಿಜ. ಒತ್ತು ಶಾವಿಗೆ ಅಂದರೆ ಅಕ್ಕಿ, ನೀರು, ಉಪ್ಪು. ಕಾಯಿಹಾಲು ಅಂದರೆ ತೆಂಗು, ಬೆಲ್ಲ, ಏಲಕ್ಕಿ. ಆಮೇಲೆ ದೊಡ್ಡಮ್ಮನೇ ಬೆರಳು ಮಡಚಿ ಎಣಿಸಿದರು: ಪತ್ರೊಡೆ, ಕಡುಬು, ಅಪ್ಪೆಹುಳಿ, ಮುರುಗಲ ಸಾರು, ಅಕ್ಕಿರೊಟ್ಟಿ. "ಇದ್ಯಾವುದಕ್ಕೂ ಹಾಲು ಬೀಳಲ್ಲ. ಮೊದಲೇ ಹೇಳಿದ್ರೆ ಇವನ್ನೇ ಮಾಡ್ತಿದ್ದೆ."

ಈಗ ನಾವು ಹೊರಡೋ ಮೊದಲೇ ಫೋನ್ ಮಾಡ್ತೀವಿ. ಏನು ತಿನ್ನಲ್ಲ ಅನ್ನೋ ಪಟ್ಟಿ ಹೇಳಲ್ಲ, "ಪತ್ರೊಡೆ ಮಾಡ್ತೀರಾ?" ಅಂತ ಕೇಳ್ತೀವಿ. ಜೊತೆಗೆ ಒಂದು ರಾತ್ರಿಯ ಅಡುಗೆ ನಮ್ಮದು ಅಂತಲೂ ಹೇಳಿಬಿಡ್ತೀವಿ. ವೀಗನ್ ಆಗಿರೋ ನಿಮಗೂ, ವೀಗನ್ ಸಂಗಾತಿಯ ಜೊತೆ ಊರಿಗೆ ಹೊರಟಿರೋ ನಿಮಗೂ ಇದೇ ಸಲಹೆ. ಬ್ಯಾಗಲ್ಲಿ ಅರ್ಧ ಕೆಜಿ ಪಾಸ್ತಾ, ಒಂದು ಡಬ್ಬಿ ಶೇಂಗಾ ಪುಡಿ, ಸ್ವಲ್ಪ ಕಾಳುಮೆಣಸು ಇರಲಿ. ತೆಂಗಿನಕಾಯಿ ಒಯ್ಯಬೇಡಿ, ಅದನ್ನು ಆ ಮನೆಯವರ ಹತ್ತಿರವೇ ಕೇಳಿ.