ಬರೋಗಿನ ರೈಲು ನಿಲ್ದಾಣ

ರೈಲು ಬರುವವರೆಗೆ ಕಾಯುವ ಸ್ಥಳವೆಂದಷ್ಟೇ ನಾವು ನಿಲ್ದಾಣವನ್ನು ಬಗೆಯುತ್ತೇವೆ. ಆದರೆ ಸಣ್ಣದೊಂದು ನಿಲ್ದಾಣವೂ ಅದನ್ನು ಕಟ್ಟಿದವರ ವಿವೇಕವನ್ನು ತೋರಬಲ್ಲದು. ಹಿಮಾಚಲ ಪ್ರದೇಶದ ಬರೋಗ್ ನಿಲ್ದಾಣವು ಇದಕ್ಕೊಂದು ಉತ್ತಮ ನಿದರ್ಶನ.

ಕಾಲ್ಕಾದಿಂದ ಶಿಮ್ಲಾಕ್ಕೆ ಏರುವ 96 ಕಿಲೋಮೀಟರ್ ಉದ್ದದ ನ್ಯಾರೋಗೇಜ್ ಮಾರ್ಗವು 1903ರಲ್ಲಿ ಸಂಚಾರಕ್ಕೆ ತೆರೆಯಿತು. ಇಲ್ಲಿ ಹಳಿಗಳ ನಡುವಣ ಅಂತರ 762 ಮಿಲಿಮೀಟರ್ ಮಾತ್ರ. ಈ ಮಾರ್ಗದ ಅತಿ ಉದ್ದವಾದ ಸುರಂಗವಿರುವುದು ಬರೋಗಿನಲ್ಲಿ. ಅದರ ಉದ್ದ 1,143 ಮೀಟರ್. ಕಾಲ್ಕಾದ ಕಡೆಯಿಂದ ಬಂದ ಗಾಡಿಯು ಸುರಂಗದ ಕತ್ತಲೆಯನ್ನು ದಾಟಿ ಬೆಳಕಿಗೆ ಬಂದೊಡನೆ ನಿಲ್ದಾಣ ಎದುರಾಗುತ್ತದೆ.

ಕಟ್ಟಡದಲ್ಲಿ ಆಡಂಬರವಿಲ್ಲ. ಬೆಟ್ಟದ ಮಗ್ಗುಲಿನಲ್ಲಿ ದೊರೆತ ಇಕ್ಕಟ್ಟಾದ ಜಾಗದಲ್ಲಿಯೇ ಅದು ಹಳಿಗೆ ಹೊಂದಿಕೊಂಡು ನಿಂತಿದೆ. ಮಳೆನೀರೂ ಹಿಮವೂ ನಿಲ್ಲದೆ ಜಾರಿಹೋಗಲೆಂದು ಮಾಡಿಗೆ ಇಳಿಜಾರು ಕೊಟ್ಟಿದ್ದಾರೆ. ದಣಿದವರಿಗೆ ತಂಗುವ ಕೋಣೆಗಳುಂಟು, ಹಸಿದವರಿಗೆ ಉಪಾಹಾರದ ವ್ಯವಸ್ಥೆಯುಂಟು. ಮಾರ್ಗದಲ್ಲಿ ಒಂದೇ ಜೋಡಿ ಹಳಿ ಇರುವುದರಿಂದ, ಎದುರುಬದುರಾಗಿ ಬರುವ ಗಾಡಿಗಳು ಪರಸ್ಪರ ದಾಟಿಹೋಗಲು ಇಂತಹ ನಿಲ್ದಾಣಗಳೇ ಆಧಾರ. ಇಲ್ಲಿ ಉಪಯೋಗವೇ ಅಂದವಾಗಿದೆ.

2008ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಕೆಲವರು, "ರಸ್ತೆಯಲ್ಲಿ ಬೇಗ ತಲುಪಬಹುದಾದಾಗ ಈ ನಿಧಾನದ ಗಾಡಿ ಏಕೆ? ಹಳೆಯ ಕಟ್ಟಡಗಳನ್ನು ಪ್ರದರ್ಶನಕ್ಕೆ ಇಟ್ಟರೆ ಸಾಲದೆ?" ಎನ್ನಬಹುದು. ಮೇಲುನೋಟಕ್ಕೆ ಈ ಮಾತು ಸರಿಯೆನಿಸುತ್ತದೆ. ಆದರೆ 2023ರ ಮಳೆಗಾಲದಲ್ಲಿ ನಡೆದುದನ್ನು ನೆನೆಯೋಣ. ಶಿಮ್ಲಾದ ಸಮೀಪದಲ್ಲಿ ಹಳಿಗಳ ಕೆಳಗಿನ ನೆಲವೇ ಕೊಚ್ಚಿಹೋಗಿ ಹಳಿಗಳು ಆಧಾರವಿಲ್ಲದೆ ತೂಗಾಡಿದವು. ಗಾಡಿಗಳ ಸಂಚಾರ ನಿಂತಿತು. ಗಾಡಿ ಬಾರದಿದ್ದರೆ, ಗೋಡೆ ಮಾಡುಗಳು ಎಷ್ಟೇ ಸುಭದ್ರವಾಗಿದ್ದರೂ ನಿಲ್ದಾಣವು ನಿಲ್ದಾಣವಾಗಿ ಉಳಿಯುವುದೆಂತು? ಅದೇ ವರ್ಷ ಮಾರ್ಗವನ್ನು ಸರಿಪಡಿಸಿ ಮತ್ತೆ ಗಾಡಿ ಓಡಿಸಿದರು. ಆ ವೆಚ್ಚ ವ್ಯರ್ಥವಲ್ಲವೆಂದೇ ನನ್ನ ಅಭಿಪ್ರಾಯ.

ಬಳಸದ ಬಾವಿಯ ನೀರು ಕೆಡುತ್ತದೆ. ಜನರಿಲ್ಲದ ಮನೆ ಬೇಗ ಕುಸಿಯುತ್ತದೆ. ಹಳೆಯ ಕಟ್ಟಡದ ಪಾಡೂ ಅಷ್ಟೇ. ಸುಣ್ಣಬಣ್ಣ ಬಳಿದು ಬೀಗ ಹಾಕುವುದು ಸಂರಕ್ಷಣೆಯಲ್ಲ. ಅದು ಯಾವ ಸೇವೆಗಾಗಿ ಹುಟ್ಟಿತೋ ಆ ಸೇವೆಯನ್ನು ಮುಂದುವರಿಸುವುದೇ ನಿಜವಾದ ಸಂರಕ್ಷಣೆ. ನಿಮ್ಮ ಊರಿನಲ್ಲಿಯೂ ಹಳೆಯ ನಿಲ್ದಾಣವೋ ಛತ್ರವೋ ಇರಬಹುದು. ಅದರ ಗೋಡೆಗಳ ಮೇಲೆ ಹೆಸರು ಗೀಚದೆ, ಅಂಗಳದಲ್ಲಿ ಕಸ ಚೆಲ್ಲದೆ ಅದನ್ನು ಬಳಸಿರಿ. ಹಿರಿಯರು ಉಪಯೋಗಕ್ಕೆಂದು ಕಟ್ಟಿದುದನ್ನು ಉಪಯೋಗಿಸುತ್ತಲೇ ಉಳಿಸುವುದು ನಮ್ಮ ಹೊಣೆ.