ರಿಪೋರ್ಟ್ ಹೆಗ್ಡೆಯವರ ಅಪ್ಪ

ಹೊಸಪೇಟೆ, ಸಂಡೂರು ಕಡೆ ‘ಹೆಗ್ಡೆ ರಿಪೋರ್ಟ್’ ಅಂದರೆ ಬಿಡಿಸಿ ಹೇಳಬೇಕಿಲ್ಲ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ. ಅದಿರು ನಿಂತಿತು, ಲಾರಿ ಸಾಲದ ಕಂತು ನಿಲ್ಲಲಿಲ್ಲ. ನಿಂತ ಲಾರಿಗಳ ಟೈರಿನ ಸುತ್ತ ಹುಲ್ಲು ಬೆಳೆಯಿತು, ಫೈನಾನ್ಸಿನವರು ಬಂದು ಗಾಡಿ ಎಳೆದುಕೊಂಡು ಹೋದರು. ಹಾಗಾಗಿ ಇಲ್ಲಿ ಆ ಹೆಸರು ಹೇಳಿ ಕೈ ಮುಗಿಯುವವರೂ ಇದ್ದಾರೆ, ಹಲ್ಲು ಕಡಿಯುವವರೂ ಇದ್ದಾರೆ.

ಅವರ ಅಪ್ಪನ ಹೆಸರು ಮಾತ್ರ ಈ ಭಾಗದಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಕೌಡೂರು ಸದಾನಂದ ಹೆಗ್ಡೆ, ಕಾರ್ಕಳದ ಕಡೆಯವರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿ ಸರ್ಕಾರಿ ವಕೀಲರಾಗಿದ್ದವರು 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು, 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟಿಗೆ. ಇಂದು ಆಡಳಿತ ಪಕ್ಷದ ಸಂಸದರೊಬ್ಬರು ನೇರವಾಗಿ ಹೈಕೋರ್ಟಿನ ಪೀಠದಲ್ಲಿ ಕೂತರೆ ಟಿವಿಯವರು ಒಂದು ವಾರ ಬಿಡುವುದಿಲ್ಲ. ಬಿಡಲೂ ಬಾರದು.

ಆದರೆ ಈ ಮನುಷ್ಯ ಏನು ಮಾಡಿದರು ನೋಡಿ. 1972ರಲ್ಲಿ ಇಂದಿರಾ ಗಾಂಧಿ ಅವರ ರಾಯ್‌ಬರೇಲಿ ಚುನಾವಣೆಯ ತಕರಾರು ಒಂದು ಹಂತದಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ತಕರಾರು ಹೂಡಿದ್ದ ರಾಜ್‌ನಾರಾಯಣ್ ಪರವಾಗಿ ಆದೇಶ ಬರೆದವರು ಇದೇ ಹೆಗ್ಡೆ. ಮುಂದೆ ಕೇಶವಾನಂದ ಭಾರತಿ ಪ್ರಕರಣ. ಅರ್ಜಿ ಹಾಕಿದವರು ಕಾಸರಗೋಡಿನ ನಮ್ಮ ಎಡನೀರು ಮಠದ ಸ್ವಾಮೀಜಿ, ಕೇಳಿದ್ದು ಮಠದ ಜಮೀನಿನ ವಿಚಾರ. ಆದರೆ 13 ನ್ಯಾಯಮೂರ್ತಿಗಳ ಮುಂದೆ ಅದು ಸಂವಿಧಾನದ ಬುಡವನ್ನೇ ಸಂಸತ್ತು ಅಲುಗಾಡಿಸಬಹುದೇ ಎಂಬ ಪ್ರಶ್ನೆಯಾಗಿ ಬೆಳೆಯಿತು. 1973ರ ಏಪ್ರಿಲ್ 24ರಂದು ತೀರ್ಪು: ಅಲುಗಾಡಿಸುವಂತಿಲ್ಲ ಎಂದು ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಏಳರಲ್ಲಿ ಹೆಗ್ಡೆ ಒಬ್ಬರು. ಒಬ್ಬರು ಆಚೆ ವಾಲಿದ್ದರೆ ಸಂವಿಧಾನದ ‘ಮೂಲ ಸ್ವರೂಪ’ ಎಂಬ ಮಾತೇ ಉಳಿಯುತ್ತಿರಲಿಲ್ಲ.

ಅದರ ಬೆನ್ನಿಗೇ ಸರ್ಕಾರ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಲೋಕಸಭೆಯಲ್ಲಿ ಎದ್ದು ನಿಂತು ಇದನ್ನು ಸಮರ್ಥಿಸಿದ್ದು ಮೋಹನ್ ಕುಮಾರಮಂಗಲಂ. ಕಾನೂನು ಮಂತ್ರಿಯಲ್ಲ, ಉಕ್ಕು ಮತ್ತು ಗಣಿ ಮಂತ್ರಿ! ಸಂಡೂರಿನವರು ಬೇಕಾದರೆ ಇಲ್ಲೊಮ್ಮೆ ನಗಬಹುದು. ಹೆಗ್ಡೆ ಮನೆತನಕ್ಕೂ ಗಣಿ ಖಾತೆಗೂ ಆಗಿಬರಲಿಲ್ಲ.

ರಾಜೀನಾಮೆ ಕೊಟ್ಟ ಹೆಗ್ಡೆ ಸುಮ್ಮನಾಗಲಿಲ್ಲ. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28 ಕ್ಷೇತ್ರಗಳಲ್ಲಿ 26 ಅದರ ಪಾಲಾಗಿದ್ದ ಚುನಾವಣೆ ಅದು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ಅದೇ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು.

ನ್ಯಾಯಮೂರ್ತಿ ರಾಜಕೀಯಕ್ಕೆ ಬರುವುದು ನನಗೆ ಈಗಲೂ ಅಷ್ಟಾಗಿ ಒಗ್ಗುವುದಿಲ್ಲ. ಹೆಗ್ಡೆಯವರ ವಿಷಯದಲ್ಲಿ ಬಾಯಿ ಮುಚ್ಚಿಸುವುದು ಎರಡು ಸಂಗತಿ. ಪೀಠ ಬಿಟ್ಟ ಮೇಲೆ ಸುಮಾರು ನಾಲ್ಕು ವರ್ಷ ಕಳೆದಿತ್ತು. ಸೀಟು ಕೊಟ್ಟದ್ದು ಮತದಾರ, ಸರ್ಕಾರ ಅಲ್ಲ. ಎಲ್ಲರೂ ಹಾಗಲ್ಲ. ಬಹರುಲ್ ಇಸ್ಲಾಂ 1983ರಲ್ಲಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಅದೇ ವರ್ಷ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. ರಂಜನ್ ಗೊಗೋಯಿ 2019ರ ನವೆಂಬರಿನಲ್ಲಿ ನಿವೃತ್ತರಾಗಿ ಮಾರ್ಚಿಗೆ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅಕ್ರಮ ಹೆಚ್ಚಿದ್ದ ನಮ್ಮ ‘ಸಿ’ ವರ್ಗದ ಗಣಿಗಳ ಗುತ್ತಿಗೆ ರದ್ದು ಮಾಡಿದ 2013ರ ಪೀಠದಲ್ಲಿ ಅವರೂ ಇದ್ದರು, ಒಳ್ಳೆಯ ತೀರ್ಪು. ಆದರೂ ಅಷ್ಟು ಅವಸರದಲ್ಲಿ ಆ ಕುರ್ಚಿ ಏಕೆ ಬೇಕಿತ್ತು? ಮೂಡುಬಿದಿರೆ ಕಡೆಯ ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ನಿವೃತ್ತರಾದರು, ಮರುತಿಂಗಳೇ ಆಂಧ್ರದ ರಾಜ್ಯಪಾಲರಾಗಿ ನೇಮಕವಾಯಿತು. ಇವರ ತೀರ್ಪುಗಳಲ್ಲಿ ದೋಷವಿತ್ತೆಂದು ನಾನು ಹೇಳುತ್ತಿಲ್ಲ. ಸೋತ ಕಕ್ಷಿದಾರ ಹಾಗೆ ಅಂದುಕೊಂಡರೆ ಅವನನ್ನು ತಪ್ಪೆನ್ನಲು ಆಗುವುದಿಲ್ಲ, ಅಷ್ಟೆ.

ನಿವೃತ್ತಿಯಾಗಿ ಎರಡು ವರ್ಷ ಯಾವ ಹುದ್ದೆಯೂ ಬೇಡ ಎಂಬ ಸಲಹೆ ಬಹಳ ದಿನಗಳಿಂದ ಇದೆ. ಮುಖ್ಯ ನ್ಯಾಯಮೂರ್ತಿಯಾಗಿದ್ದ ಆರ್.ಎಂ. ಲೋಧಾ ಕೂಡ ಅದನ್ನೇ ಹೇಳಿದ್ದರು. ಕೇಳಲು ಚೆನ್ನ. ಆದರೆ ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟಿನಿಂದ ನಿವೃತ್ತರಾದದ್ದು 2005ರ ಜೂನಿನಲ್ಲಿ, ಲೋಕಾಯುಕ್ತರಾದದ್ದು 2006ರ ಆಗಸ್ಟಿನಲ್ಲಿ. ಆ ನಿಯಮ ಇದ್ದಿದ್ದರೆ ಅವರು ಆಗ ಆ ಕುರ್ಚಿಗೆ ಬರುತ್ತಿರಲಿಲ್ಲ, ನಾವಿಲ್ಲಿ ‘ಹೆಗ್ಡೆ ರಿಪೋರ್ಟ್’ ಅನ್ನುತ್ತಲೂ ಇರಲಿಲ್ಲ. ಲೋಕಾಯುಕ್ತದಂಥ ಕಡೆ ನಿವೃತ್ತ ನ್ಯಾಯಮೂರ್ತಿಯನ್ನು ಕಾನೂನೇ ಕೇಳಿತ್ತು. ರಾಜಭವನ, ರಾಜ್ಯಸಭೆ ಕೇಳುವುದಿಲ್ಲ. ಎರಡು ವರ್ಷದ ಬೀಗ ಈ ಎರಡನೆಯ ಬಾಗಿಲಿಗೆ ಬೀಳಲಿ.