ಹವಾಮಾನ ಮುನಿದರೆ ವಿಮೆಯೂ ದುಬಾರಿ

ಬೆಂಗಳೂರು: 2022ರ ಆಗಸ್ಟ್ 30ರಂದು ಸುರಿದ ಮಳೆಗೆ ನಗರದ ಹೊರವರ್ತುಲ ರಸ್ತೆ ಜಲಾವೃತವಾಗಿ, ಐಟಿ ನೌಕರರು ಗಂಟೆಗಟ್ಟಲೆ ದಾರಿಯಲ್ಲೇ ಸಿಲುಕಿದ್ದರು. ಆ ಒಂದೇ ದಿನ 225 ಕೋಟಿ ರೂ. ನಷ್ಟವಾಗಿದೆ ಎಂದು ಅಲ್ಲಿನ ಕಂಪನಿಗಳ ಸಂಘ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆದಿತ್ತು. ಇಂತಹ ನಷ್ಟವನ್ನು ವಿಮೆ ತುಂಬಿಕೊಡುವುದೇ ಎಂಬ ಪ್ರಶ್ನೆಗೆ ಸಿಗುವ ಉತ್ತರ ಉದ್ಯಮಿಗಳಿಗೆ ಹಿತಕರವಲ್ಲ.

ವಹಿವಾಟು ಸ್ಥಗಿತಕ್ಕೆ ಪರಿಹಾರ ನೀಡುವ ಪಾಲಿಸಿಗಳು ಸಾಮಾನ್ಯವಾಗಿ ಒಂದು ಷರತ್ತು ವಿಧಿಸುತ್ತವೆ. ವಿಮೆ ಮಾಡಿಸಿದ ಕಟ್ಟಡ ಅಥವಾ ಯಂತ್ರಕ್ಕೇ ಹಾನಿಯಾಗಿರಬೇಕು. ಕಚೇರಿಗೆ ಧಕ್ಕೆಯಾಗದೆ, ರಸ್ತೆ ಮುಳುಗಿ ನೌಕರರು ಬಾರದಿದ್ದರೆ ಅದು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಹೆಚ್ಚುವರಿ ಪ್ರೀಮಿಯಂ ತೆತ್ತು ಪ್ರತ್ಯೇಕ ರಕ್ಷಣೆ ಪಡೆಯಬೇಕು. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಿ ಎಂಜಿನ್ ಕೆಟ್ಟರೂ ಇದೇ ಕಥೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ.

ಒಂದು ವರ್ಷದ ಕರಾರು

ಹಳೆಯ ಅನುಭವದ ಲೆಕ್ಕದ ಮೇಲೆ ಮುಂದಿನ ನಷ್ಟವನ್ನು ಅಂದಾಜಿಸುವುದು ವಿಮೆಯ ಮೂಲ ಸೂತ್ರ. ಮಳೆಯ ಸ್ವರೂಪವೇ ಬದಲಾದಾಗ ಆ ಲೆಕ್ಕ ತಪ್ಪುತ್ತದೆ. ಆದರೂ ವಿಮಾ ಕಂಪನಿಗೆ ಒಂದು ದಾರಿ ಇದೆ. ಆಸ್ತಿ ವಿಮೆ ಬಹುಮಟ್ಟಿಗೆ ಒಂದು ವರ್ಷದ ಕರಾರಾದ್ದರಿಂದ ಮರುವರ್ಷ ದರ ಏರಿಸಬಹುದು ಅಥವಾ ಆ ಪ್ರದೇಶದಿಂದಲೇ ಹಿಂದೆ ಸರಿಯಬಹುದು. ಇಪ್ಪತ್ತು ವರ್ಷದ ಸಾಲ ಮಾಡಿ ಕಾರ್ಖಾನೆ ಕಟ್ಟಿದವನಿಗೆ ಆ ಸ್ವಾತಂತ್ರ್ಯ ಇಲ್ಲ. ಸಾಲಕ್ಕೆ ಅಡವಿಟ್ಟ ಆಸ್ತಿಗೆ ವಿಮೆ ಇರಲೇಬೇಕೆಂದು ಬ್ಯಾಂಕ್ ಕೇಳುವುದರಿಂದ, ವಿಮೆ ದುಬಾರಿಯಾದರೆ ಸಾಲದ ಹೊರೆಯೂ ಹೆಚ್ಚುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದಿರುವುದು ಇದೇ. ಕಾಳ್ಗಿಚ್ಚಿನ ಅಪಾಯ ಮತ್ತು ನಿರ್ಮಾಣ ವೆಚ್ಚದ ಏರಿಕೆಯ ಕಾರಣ ನೀಡಿ ಸ್ಟೇಟ್ ಫಾರ್ಮ್ ಕಂಪನಿ 2023ರ ಮೇ ತಿಂಗಳಲ್ಲಿ ಹೊಸ ಗೃಹ ವಿಮೆ ಅರ್ಜಿ ಸ್ವೀಕರಿಸುವುದನ್ನು ನಿಲ್ಲಿಸಿತು. 2024ರಲ್ಲಿ ಸುಮಾರು 72 ಸಾವಿರ ಪಾಲಿಸಿಗಳನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು.

ದೂರದ ಬೆಂಕಿಯ ಬಿಸಿ ಇಲ್ಲಿಗೂ ತಟ್ಟದಿರದು. ಇಲ್ಲಿನ ವಿಮಾ ಕಂಪನಿಗಳು ತಮ್ಮ ಹೊರೆಯ ಒಂದಂಶವನ್ನು ಜಾಗತಿಕ ಮರುವಿಮಾ ಕಂಪನಿಗಳಿಗೆ ವರ್ಗಾಯಿಸುತ್ತವೆ. ಅಲ್ಲಿ ದರ ಏರಿದರೆ ಪೀಣ್ಯದ ಸಣ್ಣ ಕೈಗಾರಿಕೆಯ ಪ್ರೀಮಿಯಂ ಮೇಲೂ ಒತ್ತಡ ಬೀಳುತ್ತದೆ.

ಸಣ್ಣವರ ಪಾಡು

ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್‌ನಿಂದ 5 ಕೋಟಿ ರೂ.ವರೆಗಿನ ಆಸ್ತಿಯುಳ್ಳ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಜಾರಿಗೆ ತಂದಿತು. ಬೆಂಕಿಯ ಜತೆಗೆ ಪ್ರವಾಹ, ಬಿರುಗಾಳಿ, ಭೂಕುಸಿತಗಳೂ ಇದರಲ್ಲಿ ಸೇರಿವೆ. ಆದರೆ ಪ್ರೀಮಿಯಂ ಉಳಿಸಲು ಆಸ್ತಿಯ ಮೌಲ್ಯ ಕಡಿಮೆ ತೋರಿಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶೇ. 15ರವರೆಗಿನ ಕೊರತೆಗೆ ಮಾತ್ರ ವಿನಾಯಿತಿ ಇದೆ. 40 ಲಕ್ಷ ರೂ. ಸರಕನ್ನು 20 ಲಕ್ಷಕ್ಕೆ ವಿಮೆ ಮಾಡಿಸಿದವನಿಗೆ 10 ಲಕ್ಷ ನಷ್ಟವಾದರೆ ಕೈಗೆ ಬರುವುದು ಸುಮಾರು 5 ಲಕ್ಷ.

ನಿಗದಿತ ಪ್ರಮಾಣ ಮೀರಿ ಮಳೆ ಬಿದ್ದೊಡನೆ, ಹಾನಿಯ ಸಮೀಕ್ಷೆಗೆ ಕಾಯದೆ ಹಣ ನೀಡುವ ಸೂಚ್ಯಂಕ ಆಧಾರಿತ ವಿಮೆಯತ್ತ ಈಗ ಗಮನ ಹರಿದಿದೆ. ನಾಗಾಲ್ಯಾಂಡ್ ಸರ್ಕಾರ 2024ರಲ್ಲಿ ಇಡೀ ರಾಜ್ಯಕ್ಕೆ ಇಂತಹ ವಿಮೆ ಮಾಡಿಸಿತು. ಇದರಿಂದ ಪರಿಹಾರ ಬೇಗ ಸಿಗಬಹುದು; ನಷ್ಟ ಕಡಿಮೆಯಾಗದು.

ವಿಮೆ ನಷ್ಟವನ್ನು ಹಂಚುತ್ತದೆಯೇ ಹೊರತು ಅಳಿಸುವುದಿಲ್ಲ. ರಾಜಕಾಲುವೆ ಒತ್ತುವರಿ ತೆರವಾಗದೆ, ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿ ಉಳಿಯದೆ ಪ್ರವಾಹದ ಅಪಾಯ ತಗ್ಗದು. ಅಪಾಯ ತಗ್ಗದೆ ಪ್ರೀಮಿಯಂ ಇಳಿಯದು. ಆಡಳಿತದ ಈ ವೈಫಲ್ಯದ ಬೆಲೆಯನ್ನು ಮೊದಲು ತೆರುವವರು ವಿಮೆಯ ದರ ಭರಿಸಲಾಗದ ಸಣ್ಣ ವ್ಯಾಪಾರಿಗಳು.